ಪಾಲಿಶ್ ಮಾಡುವವನ ಆಣೆ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಕನ್ನಡಿ ಎಂದೇ ಕರೆಯುತ್ತಿದ್ದರು. ಮರಕ್ಕೆ ಪಾಲಿಶ್ ಹಾಕುವುದು ಅವನ ಕಸುಬು. ಅವನು ಪಾಲಿಶ್ ಮಾಡಿದ ಮೇಜಿನ ಮೇಲೆ ಬಂದು ಕೂತ ನೊಣವೊಂದು ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಲೆಮನೆಯ ವಕೀಲರ ಬಾಗಿಲಿಗೆ ಅವನು ಹೊಳಪು ಕೊಟ್ಟ ಮಾರನೆಯ ದಿನ ಅವರ ನಾಯಿ ಬಾಗಿಲೊಳಗೆ ಇನ್ನೊಂದು ನಾಯಿಯನ್ನು ಕಂಡು ಬೊಗಳಲು ಶುರುಮಾಡಿದ್ದು, ಗಂಟಲು ಕಟ್ಟಿ, ಆಮೇಲೆ ಬದುಕಿದ್ದಷ್ಟು ಕಾಲವೂ ಬೆಕ್ಕಿನ ದನಿಯಲ್ಲೇ ಸಂಸಾರ ನಡೆಸಿತು. ವಕೀಲರೂ ಕಡಿಮೆಯೇನಲ್ಲ, ಗಡ್ಡ ಹೆರೆದುಕೊಳ್ಳಲು ಊಟದ ಮೇಜಿನ ಮೇಲೆ ಬಗ್ಗುತ್ತಿದ್ದರು. ನಾಯಿಯ ವಿಷಯದಲ್ಲಿ ನಾನು ಒಂದೆರಡು ಮಾತು ಹೆಚ್ಚು ಸೇರಿಸಿರಬಹುದು. ನೊಣದ್ದು ಮಾತ್ರ ಖಂಡಿತ ನಿಜ.

ಅವನ ಕೆಲಸ ನಡೆಯುತ್ತಿದ್ದದ್ದು ಹೆಂಡತಿಯ ಅಣ್ಣನ ಮರಗೆಲಸದ ಶೆಡ್ಡಿನಲ್ಲಿ. ಆ ಅಣ್ಣನಿಗೆ ಬೀದಿಯವರು ಮೇಸ್ತ್ರಿ ಎನ್ನುತ್ತಿದ್ದರು. ಮುಂದಿನ ಭಾಗದಲ್ಲಿ ಮೇಸ್ತ್ರಿಯೂ ಅವನ ಕೆಲಸದವರೂ ಕೊಯ್ದು, ಹೆರೆದು, ಜೋಡಿಸುತ್ತಿದ್ದರು. ಹಿಂದುಗಡೆ ಒಂದು ಸಣ್ಣ ಕೋಣೆ. ಅದು ಕನ್ನಡಿಯ ರಾಜ್ಯ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಹಳೆಯ ಬಟ್ಟೆ ಸುತ್ತಿ, ಅದ್ದಿ, ಮರದ ಮೈಮೇಲೆ ಸುತ್ತು ಸುತ್ತಾಗಿ ಉಜ್ಜುವುದು ಅವನ ಪದ್ಧತಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೊಳಪು ಮೂಡುವ ಹೊತ್ತಿಗೆ ಒಂದು ಧೂಳಿನ ಕಣ ಬಂದು ಕೂತರೂ ದಿನದ ಕೆಲಸ ಮಣ್ಣುಪಾಲು. ಮುಂದೆ ಗರಗಸ ಆಡುತ್ತಿರುವಾಗ ಧೂಳಿಗೇನು ಬರವೇ? ಅದಕ್ಕೇ ಅವನು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿ, ಫ್ಯಾನ್ ಆರಿಸಿ ಒಳಗೆ ಕೂರುತ್ತಿದ್ದ. ಬಾಗಿಲು ತೆಗೆದರೆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಗುದ್ದುತ್ತಿತ್ತು. ಆ ಕೋಣೆಗೆ ಹೋದ ಸೊಳ್ಳೆಗಳು ಹೊರಗೆ ಬರುವಾಗ ಗೋಡೆ ಹಿಡಿದುಕೊಂಡು ಬರುತ್ತಿದ್ದವು.

ಕನ್ನಡಿ ಕುಡಿಯುತ್ತಿದ್ದ. ಎಷ್ಟು ಎಂದರೆ, ಅವನು ಒಂದು ಸಂಜೆ ಕಾಣದಿದ್ದರೆ ಹೆಂಡದಂಗಡಿಯವನು ಗಾಬರಿಯಾಗಿ ಅವನ ಆರೋಗ್ಯ ವಿಚಾರಿಸಲು ಜನ ಕಳಿಸುತ್ತಿದ್ದ. ಆದರೆ ಪಾಲಿಶಿನ ಸ್ಪಿರಿಟ್ಟನ್ನು ಮಾತ್ರ ಅವನು ಒಂದು ಹನಿಯೂ ನಾಲಿಗೆಗೆ ತಾಗಿಸಿದವನಲ್ಲ. "ಅದು ಮರದ ಪಾಲು. ಮರದ ಬಾಯಿಂದ ಕಿತ್ಕೊಂಡು ಕುಡಿಯೋವಷ್ಟು ಕೆಟ್ಟಿಲ್ಲ ನಾನು" ಎನ್ನುತ್ತಿದ್ದ. ಕುಡುಕನಿಗೂ ಎಲ್ಲೋ ಒಂದು ಕಡೆ ಮಾನ ಇಟ್ಟುಕೊಳ್ಳಲು ಗೂಡು ಬೇಕಾಗುತ್ತದೆ. ಅವನದು ಅಲ್ಲಿತ್ತು.

ಆ ಸ್ಪಿರಿಟ್ಟು ಅವನಿಗೆ ಇನ್ನೊಂದು ಉಪಕಾರವನ್ನೂ ಮಾಡುತ್ತಿತ್ತು. ಮನೆಗೆ ಬಂದಾಗ ಹೆಂಡತಿ ಮೂಗು ಹತ್ತಿರ ತಂದರೆ ಉತ್ತರ ಬಾಯಲ್ಲೇ ಸಿದ್ಧ.

"ಅಯ್ಯೋ, ಅದು ಪಾಲಿಶ್ ವಾಸನೆ ಕಣೇ. ಕುಡಿದಿಲ್ಲ. ಮಗಳಾಣೆ."

ಮಗಳ ತಲೆಯ ಮೇಲೆ ಅವನು ಹಾಕಿದ ಆಣೆಗಳಿಗೆ ತೂಕ ಇದ್ದಿದ್ದರೆ ಆ ಹುಡುಗಿ ಒಂದು ಅಂಗುಲವೂ ಬೆಳೆಯುತ್ತಿರಲಿಲ್ಲ. ಹೆಂಡತಿ ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮೊದಮೊದಲು ನಂಬಿದಳು. ಆಮೇಲೆ ನಂಬಿದಂತೆ ನಟಿಸಿದಳು. ಕೊನೆಕೊನೆಗೆ ಅವನ ಮಾತು ಅವಳ ಕಿವಿಗೆ ಬೀಳುವುದೇ ನಿಂತುಹೋಯಿತು.

ಒಂದು ದಿನ ಮಗಳನ್ನು ಶಾಲೆಯಿಂದ ಕರೆತರುವುದು ಅವನ ಪಾಲಿಗೆ ಬಂದಿತ್ತು. ಹೋಗುವ ದಾರಿಯಲ್ಲಿ ಹೆಂಡದಂಗಡಿ. ಎಲ್ಲ ಮಕ್ಕಳೂ ಹೋದ ಮೇಲೆ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದ ಹುಡುಗಿಯನ್ನು ಕಾವಲಿನ ಮುದುಕ ಮನೆಗೆ ಕರೆತಂದು ಬಿಟ್ಟ. ಹುಡುಗಿ ಅಳಲಿಲ್ಲ, "ಅಪ್ಪನಿಗೆ ಕೆಲಸ ಜಾಸ್ತಿ ಇತ್ತು ಅಂತ ಕಾಣತ್ತೆ" ಎಂದಳಂತೆ. ಅವಳೂ ಸುಳ್ಳು ಹೇಳಲು ಕಲಿತದ್ದನ್ನು ಕಂಡು ತಾಯಿ ತಲೆಯ ಮೇಲೆ ಕೈಹೊತ್ತು ಕೂತಳು. ಮಾರನೆಯ ಬೆಳಿಗ್ಗೆ ಗಂಡನ ಎದುರು ನಿಂತು ಹೇಳಿದಳು:

"ನೋಡಿ, ಇದೊಂದು ಸಲ ನಿಮ್ಮ ಜೊತೆ ಆಸ್ಪತ್ರೆಗೆ ಬರ್ತೀನಿ. ಆಮೇಲೂ ಕುಡಿದ್ರೆ ನಾನೂ ಮಗಳೂ ಅಣ್ಣನ ಮನೆಗೆ ಹೋಗ್ತೀವಿ. ನಿಮ್ಮ ಆಣೆಗಳನ್ನೆಲ್ಲ ನೀವೇ ಇಟ್ಕೊಂಡು ಸಂಸಾರ ಮಾಡಿ."

ಅವನು ಹೋದ. ಕೈನಡುಕ, ಬೆವರು, ಇಲ್ಲದ ಇರುವೆಗಳನ್ನು ಗೋಡೆಯ ಮೇಲೆ ಕಾಣುವುದು ಎಲ್ಲ ಆಸ್ಪತ್ರೆಯ ಹಾಸಿಗೆಯಲ್ಲೇ ಕಳೆದವು. ಮನೆಗೆ ಕಳಿಸುವ ದಿನ ಡಾಕ್ಟರು ಅವನನ್ನೂ ಹೆಂಡತಿಯನ್ನೂ ಮೇಸ್ತ್ರಿಯನ್ನೂ ಎದುರಿಗೆ ಕೂರಿಸಿಕೊಂಡರು.

"ಈ ಗುಳಿಗೆ ದಿನಾ ಬೆಳಿಗ್ಗೆ ಒಂದು. ಇದು ಮೈಯೊಳಗಿರುವಾಗ ಕುಡಿದರೆ ಮುಖ ಕೆಂಪಾಗತ್ತೆ, ಎದೆ ಹೊಡ್ಕೊಳ್ಳತ್ತೆ, ಉಸಿರು ಕಟ್ಟತ್ತೆ, ವಾಂತಿ ಆಗತ್ತೆ. ಜೀವಕ್ಕೇ ಅಪಾಯ ಆಗಬಹುದು. ತಿಳಿದು ಒಪ್ಪಿದ್ರೆ ಮಾತ್ರ ಕೊಡ್ತೀನಿ."

"ಒಪ್ಪಿದೆ ಸಾರ್" ಎಂದ ಕನ್ನಡಿ.

"ಕೆಮ್ಮಿನ ಔಷಧಿ, ಸೆಂಟು, ಗಡ್ಡಕ್ಕೆ ಹಚ್ಚೋ ಲೋಷನ್ನು, ಯಾವುದಾದ್ರೂ ನನ್ನ ಕೇಳಿ ಬಳಸಿ. ಏನು ಕೆಲಸ ಮಾಡ್ತೀರಿ?"

ಕನ್ನಡಿ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಎದೆ ಉಬ್ಬಿಸಿ ಹೇಳಿದ, "ನಮ್ದು ಮರಗೆಲಸ ಸಾರ್. ಸ್ವಂತ ಶೆಡ್ಡು."

"ಕೈ ನಡುಗ್ತಿರೋವಾಗ ಗರಗಸದ ಹತ್ತಿರ ಹೋಗಬೇಡಿ" ಎಂದರು ಡಾಕ್ಟರು. "ಇನ್ನೊಂದು ಮಾತು. ಗುಳಿಗೆ ಒಂದು ಕಾಲು ಅಷ್ಟೇ. ವಾರಕ್ಕೊಮ್ಮೆ ಬಂದು ಪಕ್ಕದ ಕೋಣೆಯಲ್ಲಿ ಮೇಡಂ ಹತ್ತಿರ ಕೂತು ಮಾತಾಡಬೇಕು. ಅದು ಇನ್ನೊಂದು ಕಾಲು. ಒಂಟಿ ಕಾಲಲ್ಲಿ ಎಷ್ಟು ದೂರ ಕುಂಟ್ತೀರಿ?"

ಮಾತಿನ ಮೇಡಂ ಕೋಣೆಗೆ ಅವನು ಹೋದದ್ದು ಒಂದೇ ಸಲ. ಆಗ ಕೈ ಇನ್ನೂ ಹತೋಟಿಗೆ ಬಂದಿರಲಿಲ್ಲವಾದ್ದರಿಂದ ಶೆಡ್ಡಿನ ಬಯಲಲ್ಲಿ ಕೂತು ಹಲಗೆಗಳಿಗೆ ಮರಳಿನ ಕಾಗದ ಉಜ್ಜುತ್ತಿದ್ದ. ಅದನ್ನೇ ಹೇಳಿ ಬಂದ. ಮುಂದಿನ ವಾರದ ಹೊತ್ತಿಗೆ ಮೇಸ್ತ್ರಿಗೆ ಹೋಟೆಲೊಂದರ ಬಾಗಿಲುಗಳ ದೊಡ್ಡ ಕೆಲಸ ಸಿಕ್ಕಿತ್ತು.

"ಮಾತಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು ಭಾವ? ಇಲ್ಲೇ ಕೂತು ಮಾತಾಡು, ಯಾರು ಬೇಡ ಅಂದ್ರು?" ಎಂದ ಮೇಸ್ತ್ರಿ. "ಒಳಗೆ ಗುಳಿಗೆ ಪೊಲೀಸ್ ಥರ ಕೂತಿದೆ. ಇನ್ನೇನು ಬೇಕು?"

ಹೆಂಡತಿಗೂ ಅದು ಸರಿಯೆನಿಸಿತು. ಮಾತಿನಿಂದ ಅವಳಿಗೆ ಸಾಕುಬೇಕಾಗಿತ್ತು. ಗುಳಿಗೆ ಮಾತಾಡುವುದಿಲ್ಲ, ಆಣೆ ಹಾಕುವುದಿಲ್ಲ. ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. ಅವನು ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಿದ್ದ. "ಇನ್ನೂ ಒಳಗೆ ನೋಡ್ತೀಯಾ? ನಿನ್ನೆ ರಾತ್ರಿ ಊಟ ಮಾಡಿದ್ದು ಕಾಣಬಹುದು" ಎಂದು ತಮಾಷೆ ಮಾಡುತ್ತಿದ್ದ. ಅವಳು ನಗುತ್ತಿರಲಿಲ್ಲ, ಆದರೆ ಸಿಡುಕುವುದನ್ನು ಬಿಟ್ಟಿದ್ದಳು. ಆ ಮನೆಯಲ್ಲಿ ಅದೇ ದೊಡ್ಡ ಹಬ್ಬ. ಮಗಳು ಸಂಜೆ ಅಪ್ಪನ ಪಕ್ಕ ಕೂತು ಪಾಠ ಓದತೊಡಗಿದಳು.

ಹೋಟೆಲಿನ ಬಾಗಿಲುಗಳು ಪಾಲಿಶಿಗೆ ಬಂದವು. ಕೈ ನಡುಕ ನಿಂತಿತ್ತು. ಕನ್ನಡಿ ತನ್ನ ಕೋಣೆಗೆ ಹೋಗಿ ಕಿಟಕಿ ಮುಚ್ಚಿದ, ಗೋಣಿ ತುರುಕಿದ, ಫ್ಯಾನ್ ಆರಿಸಿದ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದ ಮೇಸ್ತ್ರಿ ಬಾಗಿಲು ತಳ್ಳಿ ನೋಡಿದರೆ ಭಾವ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದಾನೆ. ಮುಖ ಕೆಂಡ. ಕುತ್ತಿಗೆಯ ನರ ಹಾರುತ್ತಿದೆ. ಮುಂದೆ ವಾಂತಿ. ಪಕ್ಕದಲ್ಲಿ ಸ್ಪಿರಿಟ್ಟಿನ ಡಬ್ಬ, ಮುಕ್ಕಾಲು ಖಾಲಿ.

ಡಾಕ್ಟರು ಹೇಳಿದ್ದ ಲಕ್ಷಣಗಳೆಲ್ಲ ಒಂದೂ ಬಿಡದೆ ಹಾಜರಿದ್ದವು. ಮೇಸ್ತ್ರಿ ಬಾಗಿಲಲ್ಲೇ ನಿಂತು ಕೂಗಿದ, "ಥೂ! ಹೊರಗೆ ಸಿಗಲಿಲ್ಲ ಅಂತ ಕೊನೆಗೆ ಮರಕ್ಕೆ ಹಾಕೋದನ್ನೇ ಕುಡಿದ್ಯಲ್ಲೋ!"

ಹೆಂಡತಿಗೆ ಸುದ್ದಿ ಹೋಯಿತು. ಅವಳು ಇಸ್ತ್ರಿ ಬಿಟ್ಟು ಓಡಿ ಬಂದಳು. ಆ ಹೊತ್ತಿಗೆ ಅವನನ್ನು ಹೊರಗಿನ ಬೆಂಚಿನ ಮೇಲೆ ಮಲಗಿಸಿದ್ದರು. ಗಾಳಿ ತಾಗಿ ಉಸಿರು ತಿರುಗಿತ್ತು. ಕುಡಿದವನಿಗೆ ಆಸ್ಪತ್ರೆ ಬೇರೆ ಕೇಡು ಎಂದಿದ್ದ ಮೇಸ್ತ್ರಿ. ನಾನೂ ಅಲ್ಲೇ ಇದ್ದೆ. ಬೀದಿಯ ಅರ್ಧ ಜನವೂ ಇದ್ದರು. ಅವಳು ಬಗ್ಗಿ ಮೂಸಿದಳು. ಮೂಸುವುದೇನು ಬಂತು, ಅಂಗಿಯಿಂದ ಉಗುರಿನವರೆಗೆ ಅವನು ಸ್ಪಿರಿಟ್ಟಿನಲ್ಲಿ ಮಿಂದಂತಿದ್ದ.

"ಕುಡಿದಿಲ್ಲ ಕಣೇ" ಎಂದ ಅವನು. "ಅದು ಪಾಲಿಶ್ ವಾಸನೆ. ಮಗಳಾಣೆ."

ಅದೇ ಮಾತು. ಅದೇ ಆಣೆ. ಒಂದು ಅಕ್ಷರ ಹೆಚ್ಚುಕಡಿಮೆಯಿಲ್ಲ. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ಮುಖ ಯಾಕೆ ಕೆಂಪಾಯ್ತು ಹಾಗಾದ್ರೆ?" ಎಂದಳು ಅವಳು.

"ಗೊತ್ತಿಲ್ಲ."

"ವಾಂತಿ ಯಾಕಾಯ್ತು?"

"ಗೊತ್ತಿಲ್ಲ ಕಣೇ. ನಂಬು. ಇದೊಂದು ಸಲ ನಂಬು."

ಅವಳು ನಂಬಲಿಲ್ಲ. ನಾನಾದರೂ ನಂಬಿದೆನೇ? ಇಲ್ಲ. ಆ ಹೊತ್ತಿನಲ್ಲಿ ಅವನನ್ನು ನಂಬಲು ದೇವರಿಗೂ ಒಂದು ದಿನದ ಕಾಲಾವಕಾಶ ಬೇಕಾಗುತ್ತಿತ್ತು. ಬಿಸಿಲು ಇಳಿಯುವ ಮೊದಲೇ ಅವಳು ಮಗಳ ಪುಸ್ತಕ, ಬಟ್ಟೆ ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟಳು. ಮಗಳು ತಿರುಗಿ ನೋಡಿದಳು, ತಾಯಿ ನೋಡಲಿಲ್ಲ.

ಆಮೇಲೆ ಗುಳಿಗೆ ಕೊಡುವವರಿಲ್ಲ. ಶೆಡ್ಡಿಗೆ ಬರಬೇಡ ಎಂದ ಮೇಸ್ತ್ರಿ. ಕೆಲವು ದಿನ ಅವನು ಬಾಗಿಲ ಮೆಟ್ಟಿಲ ಮೇಲೆ ಕೂತೇ ಇದ್ದ, ಹೋಗಿಬರುವವರಿಗೆಲ್ಲ ಕುಡಿದಿರಲಿಲ್ಲ ಎಂದು ಹೇಳುತ್ತ. ಕೇಳಿದವರು "ಆಯ್ತಪ್ಪ, ಆಯ್ತು" ಎಂದು ಹೆಜ್ಜೆ ಬೇಗ ಹಾಕುತ್ತಿದ್ದರು. ಒಂದು ಸಂಜೆ ಮೆಟ್ಟಿಲು ಖಾಲಿ ಇತ್ತು. ಅವನು ಹೆಂಡದಂಗಡಿಯಲ್ಲಿದ್ದ. "ಕುಡಿಯದಿದ್ರೂ ಕುಡುಕ ಅಂತಾರೆ. ಆ ಹೆಸರನ್ನ ಸುಮ್ನೆ ಯಾಕೆ ಹೊರಲಿ?" ಎಂದನಂತೆ.

ಮುಂದಿನ ತಿಂಗಳುಗಳ ಬಗ್ಗೆ ನಗಿಸುವಂಥದ್ದು ಏನೂ ನನ್ನ ಹತ್ತಿರವಿಲ್ಲ. ರಕ್ತ ಕಾರಿಕೊಂಡು ಬಿದ್ದವನನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಅಲ್ಲಿ ಹಾಸಿಗೆಯ ಹತ್ತಿರ ಮಾತಿನ ಮೇಡಂ ಬಂದು ಸ್ಟೂಲು ಎಳೆದುಕೊಂಡು ಕೂತರು. ಬೈಯಲಿಲ್ಲ. ಮೊದಲು ಎಡವಿದ ದಿನ ಯಾವುದು, ಅಂದು ಬೆಳಿಗ್ಗೆ ಎದ್ದಾಗಿನಿಂದ ಏನೇನಾಯಿತು ಹೇಳಿ ಎಂದರು. ಅವನು ಹೇಳಿದ. ಗುಳಿಗೆ ನುಂಗಿದ್ದು, ಅರಗು ಕರಗಿಸಿದ್ದು.

"ಅರಗನ್ನ ಯಾವುದರಲ್ಲಿ ಕರಗಿಸ್ತೀರಿ?"

"ಸ್ಪಿರಿಟ್ಟಲ್ಲಿ. ಇನ್ಯಾವುದರಲ್ಲಿ ಕರಗಿಸ್ತಾರೆ?"

"ಕಿಟಕಿ ತೆಗೆದಿತ್ತಾ?"

"ತೆಗೆದ್ರೆ ಪಾಲಿಶ್ ಹೇಗೆ ನಿಲ್ಲತ್ತೆ ಮೇಡಂ? ಧೂಳು ಬಂದು ಕೂರಲ್ವಾ?"

ಮೇಡಂ ಎದ್ದು ಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಎಲ್ಲವನ್ನೂ ಇನ್ನೊಮ್ಮೆ ಕೇಳಿಸಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು.

"ಸ್ಪಿರಿಟ್ಟು ಅಂದ್ರೆ ಅದೂ ಆಲ್ಕೋಹಾಲೇ. ಮುಚ್ಚಿದ ಕೋಣೇಲಿ ಬೆಳಿಗ್ಗೆಯಿಂದ ಅದರ ಆವಿ ಉಸಿರಲ್ಲಿ ಹೋಗಿದೆ, ಕೈ ಚರ್ಮದಿಂದಲೂ ಒಂದಿಷ್ಟು ಇಳಿದಿದೆ. ಗುಳಿಗೆ ಅದಕ್ಕೇ ತಿರುಗಿಬಿದ್ದಿದೆ. ಮರಗೆಲಸ ಅಂದಾಗ ಮರಕ್ಕೆ ಏನು ಮಾಡ್ತೀರಿ ಅಂತ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ನೀವು ಅವತ್ತು ಕುಡಿದಿರಲಿಲ್ಲ."

"ಅದನ್ನೇ ಹೇಳಿದ್ನಲ್ಲ ಸಾರ್" ಎಂದ ಕನ್ನಡಿ. "ಎಲ್ಲರಿಗೂ ಹೇಳಿದೆ."

ಹೆಂಡತಿಯನ್ನೂ ಮೇಸ್ತ್ರಿಯನ್ನೂ ಕರೆಸಿ ವಿಷಯ ತಿಳಿಸಿದರು. ಮೇಸ್ತ್ರಿ ಗೋಡೆ ನೋಡುತ್ತ, "ಮರಗೆಲಸ ಅಂದೆ, ಸುಳ್ಳೇನು ಹೇಳಲಿಲ್ವಲ್ಲ" ಎಂದು ಗೊಣಗಿದ. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಕತೆಯಾಗಿದ್ದರೆ ಅವಳು ಓಡಿ ಬಂದು ಅವನ ಕೈ ಹಿಡಿಯಬೇಕಿತ್ತು. ಅವಳು ಹೇಳಿದ್ದೇ ಬೇರೆ:

"ಅವತ್ತು ಇವರು ಕುಡಿದಿರಲಿಲ್ಲ, ತಿಳೀತು. ಆದ್ರೆ ನಾಳೆ ಕುಡಿದಿಲ್ಲ ಅಂದ್ರೆ ನನಗೆ ನಂಬೋಕೆ ಆಗಲ್ಲ ಮೇಡಂ. ನಂಬಬೇಕು ಅಂತ ಇದೆ, ಬರ್ತಾ ಇಲ್ಲ. ಒಳಗೆ ಅದು ಸತ್ತುಹೋಗಿದೆ. ಏನು ಮಾಡ್ಲಿ?"

ಕನ್ನಡಿ ಚಾವಣಿ ನೋಡುತ್ತ ಮಲಗಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ, ಅವಳ ನಂಬಿಕೆ. ಡಾಕ್ಟರು ಕೊಟ್ಟ ತೀರ್ಪು ಅದರ ಜಾಗದಲ್ಲಿ ಕೂರಲಿಲ್ಲ.

ಸ್ಕ್ಯಾನ್ ಮಾಡಿದಾಗ ಯಕೃತ್ತು ಗಟ್ಟಿಯಾಗಿರುವುದು ಕಂಡಿತ್ತು. ಹಳೆಯ ಗುಳಿಗೆ ಇನ್ನು ಬೇಡವೆಂದು ಡಾಕ್ಟರು ಬೇರೆಯದನ್ನು ಬರೆದುಕೊಟ್ಟರು. ಇದು ಶಿಕ್ಷೆ ಕೊಡುವುದಲ್ಲ. ಕುಡಿಯಬೇಕೆಂಬ ಸೆಳೆತವನ್ನು ಒಂದಿಷ್ಟು ಸಡಿಲ ಮಾಡುವುದು. ಈ ಸಲ ಅವನು ವಾರವಾರವೂ ಮಾತಿನ ಕೋಣೆಗೆ ಹೋದ. ಅಲ್ಲಿ ಏನು ಮಾತಾಡುತ್ತೀಯ ಎಂದು ನಾನು ಕೇಳಿದ್ದುಂಟು. "ಆಸೆ ಯಾವಾಗ ಬರತ್ತೆ, ಎಲ್ಲಿಂದ ಬರತ್ತೆ ಅಂತ ಹುಡುಕ್ತೀವಿ" ಎಂದ. "ಕೆಲಸ ಮುಗಿಸಿ ಹೊಳಪು ನೋಡ್ತೀನಲ್ಲ, ಆಗಲೇ ಬರ್ತಿತ್ತಂತೆ. ಖುಷಿ ಆದಾಗ! ದುಃಖಕ್ಕೆ ಕುಡೀತೀನಿ ಅಂತ ಇಷ್ಟು ವರ್ಷ ನಾನೇ ಸುಳ್ಳು ನಂಬಿದ್ದೆ ನೋಡಿ ಯಜಮಾನ್ರೇ."

ಸ್ಪಿರಿಟ್ಟಿನ ವಾಸನೆಯೇ ಎಳೆಯುತ್ತದೆಂದು ಗೊತ್ತಾದ ಮೇಲೆ ಅವನು ಪಾಲಿಶ್ ಬಿಟ್ಟ. ಮೇಸ್ತ್ರಿ ಅವನನ್ನು ವಾಪಸು ಕರೆದು ಶೆಡ್ಡಿನ ಮುಂದೆ ಹಲಗೆ ಉಜ್ಜುವ ಕೆಲಸ ಕೊಟ್ಟ. ಹಿಂದಿನ ಕೋಣೆಗೆ ಬೇರೊಬ್ಬ ಬಂದ. ಆ ಪುಣ್ಯಾತ್ಮ ಪಾಲಿಶ್ ಮಾಡಿದ ಮೇಜಿನ ಮೇಲೆ ಆನೆ ಓಡಿದರೂ ಜಾರುತ್ತಿರಲಿಲ್ಲ. ಮುಗಿದ ಬಾಗಿಲುಗಳು ಎದುರಿನಿಂದ ಹೋಗುವಾಗ ಕನ್ನಡಿ ಉಜ್ಜುವುದನ್ನು ನಿಲ್ಲಿಸಿ ಒಂದು ಕ್ಷಣ ನೋಡುತ್ತಿದ್ದ. ಮತ್ತೆ ಮರಳಿನ ಕಾಗದ ಕೈಗೆತ್ತಿಕೊಳ್ಳುತ್ತಿದ್ದ.

ಮಾತಿನ ಕೋಣೆಗೆ ಹೆಂಡತಿಯೂ ಬರಬೇಕೆಂದರು ಮೇಡಂ. ಅಣ್ಣನ ಮನೆಯಿಂದಲೇ ಬರುತ್ತಿದ್ದಳು. ಅಲ್ಲಿ ಒಂದು ಕಟ್ಟುಪಾಡು: ಅವಳು ಅವನನ್ನು ಮೂಸುವಂತಿಲ್ಲ, ಅಡ್ಡಪ್ರಶ್ನೆ ಕೇಳುವಂತಿಲ್ಲ, ವಾರದಲ್ಲಿ ನಡೆದದ್ದನ್ನು ಅವನೇ ಬಾಯಿಬಿಟ್ಟು ಹೇಳಬೇಕು, ಆಣೆ ಹಾಕದೆ. ಅವನು ಹೇಳುತ್ತಿದ್ದ. ಹೆಂಡದಂಗಡಿಯ ಮುಂದೆ ಹಾದುಹೋದೆ, ಆಸೆ ಆಯಿತು, ತಂಪಾದ ನೀರು ಕುಡಿದು ಮನೆಗೆ ಬಂದೆ. ಅವಳು ಕೇಳಿಸಿಕೊಂಡು ಹೊರಟುಹೋಗುತ್ತಿದ್ದಳು. ತಿಂಗಳುಗಟ್ಟಲೆ ಹಾಗೇ ನಡೆಯಿತು.

ಒಂದು ವಾರ ಅವನು ಕೂತವನೇ ಹೇಳಿದ, "ನಿನ್ನೆ ಒಂದು ಲೋಟ ಕುಡಿದೆ."

ಅವನ ಮುಖದಲ್ಲಿ ಕೆಂಪಿರಲಿಲ್ಲ, ಮೈಯಲ್ಲಿ ವಾಸನೆಯಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಎರಡನೇದು ತಗೊಳ್ಳದೆ ಎದ್ದು ಬಂದೆ. ಆದ್ರೆ ಒಂದು ಕುಡಿದೆ."

ಮೇಡಂ ಅವಳ ಕಡೆ ನೋಡಿದರು. ಎದ್ದು ಹೋಗುತ್ತಾಳೆಂದುಕೊಂಡರಂತೆ. ಅವಳು ಏಳಲಿಲ್ಲ. "ಎಷ್ಟು ವರ್ಷ ಆಯ್ತು ರೀ, ನೀವು ನನ್ನ ಹತ್ತಿರ ನಿಜ ಹೇಳಿ" ಎಂದು ಅಳುವುದಕ್ಕೆ ಶುರುಮಾಡಿದಳು. ಮುಂದಿನ ವಾರ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಬೀದಿಯವರು ಕಿಟಕಿಗಳಿಂದ ಇಣುಕಿದರು. ಅವಳು ಎಲ್ಲ ಕಿಟಕಿಗಳನ್ನೂ ಒಂದು ಸಲ ದುರುಗುಟ್ಟಿ ನೋಡಿ ಬಾಗಿಲು ಹಾಕಿಕೊಂಡಳು.

ಇದನ್ನು ಇಲ್ಲಿಗೇ ನಿಲ್ಲಿಸಿ ಎದ್ದುಹೋಗಬೇಕೆಂದು ನನಗೂ ಆಸೆ. ಆದರೆ ಯಕೃತ್ತಿಗೆ ಮಾತಿನ ಕೋಣೆಯಿರಲಿಲ್ಲ. ಹಳೆಯ ವರ್ಷಗಳಲ್ಲಿ ಕುಡಿದದ್ದು, ಮುಖ್ಯವಾಗಿ ಮೆಟ್ಟಿಲು ಬಿಟ್ಟೆದ್ದ ಮೇಲೆ ಕುಡಿದದ್ದು, ಒಳಗೆ ತನ್ನ ಕೆಲಸ ಮುಗಿಸಿತ್ತು. ಆ ಒಂದು ಲೋಟದ ನಂತರ ಅವನು ಒಂದು ಹನಿಯೂ ಮುಟ್ಟಲಿಲ್ಲ. ಆದರೂ ಕಾಲು ಊದಿಕೊಂಡವು, ಹೊಟ್ಟೆ ಬಿಗಿಯಿತು, ಕಣ್ಣು ಹಳದಿಯಾದವು. ಮಗಳು ದೊಡ್ಡ ಶಾಲೆಗೆ ಸೇರಿದ ವರ್ಷ ಅವನು ಕೊನೆಯ ಸಲ ಆಸ್ಪತ್ರೆ ಸೇರಿದ. ಮಾತು ತಡವರಿಸತೊಡಗಿತು. ಹೆಂಡತಿಯನ್ನು ಒಮ್ಮೊಮ್ಮೆ ಗುರುತಿಸುತ್ತಿದ್ದ, ಒಮ್ಮೊಮ್ಮೆ ಇಲ್ಲ. ನಡುಗುವ ಕೈಯನ್ನು ಹೊದಿಕೆಯ ಮೇಲೆ ಸುತ್ತು ಸುತ್ತಾಗಿ ಆಡಿಸುತ್ತಿದ್ದ.

ನಾನು ನೋಡಲು ಹೋದ ದಿನ ಮೇಸ್ತ್ರಿಯೂ ಬಂದಿದ್ದ. ಬೀದಿಯವರು ಇನ್ನಿಬ್ಬರಿದ್ದರು. ಹಾಸಿಗೆಯ ಕಾಲ ಬಳಿ ಗುಂಪಾಗಿ ನಿಂತು ಗುಸುಗುಸು ಮಾತಾಡುತ್ತಿದ್ದೆವು. ಮನುಷ್ಯರು ಸಾಯುವವರ ಹತ್ತಿರ ಹೆಚ್ಚು ಹೊತ್ತು ಸುಮ್ಮನಿರಲಾರರು.

"ಮತ್ತೆ ಶುರು ಮಾಡಿದ್ದ ಅಂತ ಕಾಣತ್ತೆ" ಎಂದ ಮೇಸ್ತ್ರಿ ಮೆಲ್ಲಗೆ. "ಇಲ್ದಿದ್ರೆ ಹೀಗೆಲ್ಲ ಆಗ್ತಿತ್ತಾ? ಕದ್ದು ಕುಡೀತಿದ್ನೇನೋ."

ಹೆಂಡತಿ ಗಂಡನ ಬಾಯಿ ಒರೆಸುತ್ತಿದ್ದಳು. ಬಟ್ಟೆಯನ್ನು ಕೆಳಗಿಟ್ಟು ತಿರುಗಿದಳು.

"ಅಣ್ಣ, ಅವರು ಕುಡಿದಿಲ್ಲ."

"ನಿಂಗೆ ಹೇಗೆ ಗೊತ್ತಮ್ಮ? ಡಾಕ್ಟ್ರು ಹೇಳಿದ್ರಾ?"

"ಅವರು ಹೇಳಿದ್ದಾರೆ."

"ಯಾರು?"

"ಇವರೇ. ಕುಡಿದಿದ್ರೆ ನನಗೆ ಹೇಳ್ತಿದ್ರು."

ಮಗಳು ಹಾಸಿಗೆಯ ಇನ್ನೊಂದು ಬದಿಯಲ್ಲಿದ್ದಳು. ಅವಳು ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಅಪ್ಪ, ಅಮ್ಮ ಹೇಳಿದ್ದು ಕೇಳಿಸ್ತಾ?" ಎಂದಳು. ಸ್ವಲ್ಪ ಕಾದು, ಅದನ್ನೇ ಇನ್ನೂ ಗಟ್ಟಿಯಾಗಿ ಕೇಳಿದಳು.

ಅವನು ಕಣ್ಣು ತೆರೆಯಲಿಲ್ಲ.